ಪೈಪಿನೊಳಗಿನ ಹಾಡು

ಕಿವಿ ಮೇಸ್ತ್ರಿಗಳ ಮನೆಯ ಕಂಪ್ಯೂಟರು ಮೂರು ವರ್ಷ ಮೂಕವಾಗಿದ್ದು, ಒಂದು ಮಂಗಳವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಮತ್ತೆ ಬಾಯಿ ಬಿಟ್ಟಿತು. ಅದು ತೆಪ್ಪಗಿದ್ದಿದ್ದರೆ ಗುದ್ದಲಿ ಹಿಡಿದವರು ಆ ಬೀದಿಗೆ ಬರುತ್ತಿರಲಿಲ್ಲ, ಕೆಳಗಿನ ಮನೆಯ ಹೆಡ್ ಮೇಡಂ ಎರಡು ಪುಟದ ದೂರು ಬರೆಯುತ್ತಿರಲಿಲ್ಲ, ದರ್ಜಿಯ ಗಂಟಲಿಗೆ ಗುಂಡುಸೂಜಿ ಇಳಿಯುವ ಪರಿಸ್ಥಿತಿಯೂ ಬರುತ್ತಿರಲಿಲ್ಲ. ಆದರೆ ಮೇಸ್ತ್ರಿಗಳಿಗೆ ಅದರ ಬಾಯಿಂದ ಒಂದು ಹಾಡು ಕೇಳಬೇಕಾಗಿತ್ತು.

ಮೇಸ್ತ್ರಿಗಳು ನೀರು ಸರಬರಾಜು ಇಲಾಖೆಯಲ್ಲಿ ಮೂವತ್ತನಾಲ್ಕು ವರ್ಷ ಸೋರಿಕೆ ಹುಡುಕಿದವರು. ನೆಲದಡಿಯಲ್ಲಿ ಪೈಪು ಎಲ್ಲಿ ಸೋರುತ್ತಿದೆ ಎಂದು ಮೇಲೆ ನಿಂತು ಹೇಳುವುದು ಅವರ ಕೆಲಸ. ಅದಕ್ಕೆ ಅವರ ಹತ್ತಿರ ಇದ್ದದ್ದು ಎದೆಮಟ್ಟದ ಒಂದು ಕಬ್ಬಿಣದ ಕೋಲು, ಅದರ ತುದಿಗೆ ಒಂದು ಮರದ ಬಟ್ಟಲು. ಕೋಲಿನ ಮೊನೆಯನ್ನು ವಾಲ್ವಿನ ಮೇಲೆ ಊರಿ, ಬಟ್ಟಲಿಗೆ ಕಿವಿ ಕೊಟ್ಟು, ಕಣ್ಣು ಮುಚ್ಚಿ ನಿಂತರೆಂದರೆ ಹತ್ತಿರ ಯಾರೂ ಕೆಮ್ಮುವ ಹಾಗಿರಲಿಲ್ಲ. ಆಮೇಲೆ ನಿಧಾನವಾಗಿ ಕಣ್ಣು ತೆರೆದು, ಹನ್ನೆರಡು ಹೆಜ್ಜೆ ನಡೆದು, ಕಾಲಿನ ಹೆಬ್ಬೆರಳಿಂದ ಮಣ್ಣಿನಲ್ಲಿ ಒಂದು ಗೀಟು ಎಳೆದು, "ಇಲ್ಲಿ ಅಗೀರಿ" ಅನ್ನುತ್ತಿದ್ದರು. ಅಲ್ಲೇ ನೀರು ಬರುತ್ತಿತ್ತು. ಹಾಗಾಗಿ ಅವರ ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಉಳಿಯಿತು. ಊರಿನ ಬಾಯಲ್ಲಿ ಅವರು ಕಿವಿ ಮೇಸ್ತ್ರಿ, ಅವರ ಹೆಂಡತಿ ಮೇಸ್ತ್ರಿಯಮ್ಮ.

ನಿವೃತ್ತರಾಗಿ ಆರು ವರ್ಷದ ಮೇಲೆ ಇಲಾಖೆಗೆ ಅವರ ನೆನಪಾಗಿತ್ತು. ಮುಂದಿನ ಸೋಮವಾರ ಬಂದು ಹನ್ನೆರಡು ಮಂದಿ ಹೊಸಬರಿಗೆ ಕೋಲು ಹಿಡಿಯುವುದನ್ನು ಕಲಿಸಿಕೊಡಬೇಕೆಂದು ಕಾಗದ ಬಂದಿತ್ತು. ಮೇಸ್ತ್ರಿಗಳು ಆ ಕಾಗದವನ್ನು ದರ್ಜಿಗೆ ಓದಿ ಹೇಳಿದರು. ಹೆಡ್ ಮೇಡಂಗೆ ಓದಿ ಹೇಳಿದರು. ಮೀಟರ್ ನೋಡಲು ಬಂದವನನ್ನು ಮೆಟ್ಟಿಲ ಮೇಲೇ ತಡೆದು ಓದಿ ಹೇಳಿದರು. ಮನುಷ್ಯನಿಗೆ ಅಷ್ಟು ಸಂತೋಷವಾದಾಗ ಹಳೆಯದೆಲ್ಲ ನೆನಪಿಗೆ ಬರುತ್ತದೆ. ಅವರಿಗೆ ಆ ಹಾಡು ನೆನಪಾಯಿತು.

ಹದಿನೇಳು ವರ್ಷದ ಹಿಂದೆ, ಮಗಳು ಇನ್ನೂ ಶಾಲೆಗೆ ಹೋಗುತ್ತಿದ್ದಾಗ ಕೊಂಡ ಕಂಪ್ಯೂಟರು ಅದು. ಮುಂದೆ ಅಷ್ಟಗಲ ಮುಖ, ಹಿಂದೆ ಮೊಳದುದ್ದ ಬೆನ್ನು. ಅದಕ್ಕೆ ದರ್ಜಿ ಹೊಲಿದುಕೊಟ್ಟ ಹೂವಿನ ಬಟ್ಟೆಯ ಮುಸುಕು. ಬಟನ್ ಒತ್ತಿ ಸ್ನಾನಕ್ಕೆ ಹೋದರೆ, ಬರುವಷ್ಟರಲ್ಲಿ ಎದ್ದು ಕೂತಿರುತ್ತಿತ್ತು. ಅದರ ಜೊತೆ ಒಂದು ಪುಟ್ಟ ಮೈಕು ಬಂದಿತ್ತು. ಆಗೆಲ್ಲ ಬೀದಿಗೆ ನೀರು ಬರುತ್ತಿದ್ದದ್ದು ಬೆಳಗಿನ ಜಾವ ಒಂದೇ ಗಂಟೆ. ಇಡೀ ಊರಿಗೆ ನೀರು ಹುಡುಕಿಕೊಡುವ ಮೇಸ್ತ್ರಿಗಳ ಮನೆಗೂ ಅಷ್ಟೇ. ಅಡುಗೆಮನೆಯ ನಲ್ಲಿ ಗೋಡೆಯ ಬುಡದಲ್ಲಿ, ನೆಲದಿಂದ ಒಂದು ಗೇಣು ಮೇಲೆ. ಅದರ ಕೆಳಗೆ ಮೇಸ್ತ್ರಿಯಮ್ಮ ಕೊಡದ ಮೇಲೆ ಕೊಡ ಇಟ್ಟು ತುಂಬಿಸುತ್ತಾ, ನಿದ್ದೆ ತೂಗಿ ಬೀಳಬಾರದೆಂದು ತಾವೇ ಕಟ್ಟಿಕೊಂಡ ಹಾಡೊಂದನ್ನು ಹೇಳಿಕೊಳ್ಳುತ್ತಿದ್ದರು. ಒಂದನೇ ಕೊಡ ಮುಖ ತೊಳೆಯೋಕೆ, ಎರಡನೇ ಕೊಡ ಎಸರಿಗಿಡೋಕೆ, ಹೀಗೆ ಕೊಡಕ್ಕೊಂದು ಸಾಲು. ಒಂದು ಬೆಳಿಗ್ಗೆ ಮೇಸ್ತ್ರಿಗಳು ಮೈಕಿನ ತಂತಿಯನ್ನು ಅಡುಗೆಮನೆಯ ಹೊಸ್ತಿಲವರೆಗೂ ಎಳೆದು ತಂದು ಅದನ್ನು ಹಿಡಿದಿಟ್ಟರು.

ಈಗ ನಲ್ಲಿಯಲ್ಲಿ ಹಗಲೂ ರಾತ್ರಿ ನೀರು. ಕೊಡಗಳು ಅಟ್ಟ ಸೇರಿದ್ದವು. ಹಾಡೂ ನಿಂತುಹೋಗಿತ್ತು.

ಹಾಗಾಗಿ ಮೇಸ್ತ್ರಿಗಳು ರಿಪೇರಿಯವನನ್ನು ಕರೆಸಿದರು. ಅವನು ಬಂದು, ಪೆಟ್ಟಿಗೆ ಬಿಚ್ಚಿ, ಹಿಡಿ ಧೂಳು ತೆಗೆದು, ಏನೋ ಹೊಸದಾಗಿ ಹಾಕಿ, "ಶಬ್ದ ಬರುತ್ತೆ ಸಾರ್, ಏನಾದ್ರೂ ಕೇಳಿದ್ರೆ ಓಕೆ ಅಂತ ಒತ್ತಿಬಿಡಿ" ಎಂದು ಹೇಳಿ ಹೋದ. ಅವನು ಮೆಟ್ಟಿಲಿಳಿಯುವುದರೊಳಗೆ ಕಂಪ್ಯೂಟರು ಕೇಳಿಯೇಬಿಟ್ಟಿತು. ಪರದೆಯ ಮೇಲೆ ಒಂದು ಚೌಕ ತೆರೆದು, ಯಾವ ವಾತಾವರಣ ಎಂಬ ಪ್ರಶ್ನೆ ಕಾಣಿಸಿತು. ಕೆಳಗೆ ಉದ್ದನೆಯ ಪಟ್ಟಿ: ಬಚ್ಚಲುಮನೆ, ಗುಹೆ, ಸಭಾಂಗಣ, ಕಾಡು, ಬೆಟ್ಟ, ನೀರಿನಡಿ. ಎಲ್ಲಕ್ಕಿಂತ ಮೇಲೆ, ಏನೂ ಬೇಡ ಎಂಬುದೂ ಇತ್ತು.

ಓದುವವರಿಂದ ಮುಚ್ಚಿಡುವಂಥದ್ದೇನೂ ಇಲ್ಲ. ದನಿಯನ್ನು ಗುಹೆಯಲ್ಲಿ ಹಾಡಿದ ಹಾಗೆ, ಬಚ್ಚಲಲ್ಲಿ ಹಾಡಿದ ಹಾಗೆ ಮಾಡಿ ಕೇಳಿಸುವ ಒಂದು ತಮಾಷೆ ಅದು. ಬೇರೆ ಯಾರೇ ಆಗಿದ್ದರೂ ಏನೂ ಬೇಡ ಎಂಬುದನ್ನೇ ಒತ್ತುತ್ತಿದ್ದರು. ಆದರೆ ಮೇಸ್ತ್ರಿಗಳು ಇಲಾಖೆಯ ಮನುಷ್ಯ. ನಮೂನೆಯ ಯಾವ ಕಾಲಮ್ಮನ್ನೂ ಖಾಲಿ ಬಿಟ್ಟವರಲ್ಲ. ಕೇಳಿದ ಪ್ರಶ್ನೆಗೆ ನಿಜ ಹೇಳಬೇಕು. ಪಟ್ಟಿಯನ್ನು ಬೆರಳಿಟ್ಟು ಓದುತ್ತಾ ಕೆಳಗಿಳಿದರು. ಗುಹೆಯಲ್ಲಿ ಅವರು ಕೆಲಸ ಮಾಡಿರಲಿಲ್ಲ. ಕಾಡಿಗೆ ಹೋಗಿರಲಿಲ್ಲ. ಕೊನೆಯ ಹತ್ತಿರ, ಚರಂಡಿ ಪೈಪು ಎಂದಿತ್ತು. ಅವರದು ಕುಡಿಯುವ ನೀರಿನ ಪೈಪು, ಚರಂಡಿಯವರು ಬೇರೆಯೇ ಇಲಾಖೆ. ಮನಸ್ಸಿಗೆ ಸ್ವಲ್ಪ ಕಸಿವಿಸಿಯಾಯಿತು. ಆದರೂ ಪಟ್ಟಿಯಲ್ಲಿ ಇದ್ದ ಪೈಪು ಅದೊಂದೇ. ಅದಕ್ಕೆ ಗುರುತು ಹಾಕಿ, ಓಕೆ ಒತ್ತಿ, ಆ ಚೌಕವನ್ನು ಅಲ್ಲಿಗೇ ಮರೆತರು.

"ಏನೇ, ಬಾ ಇಲ್ಲಿ. ಒಂದು ಕೇಳಿಸ್ತೀನಿ," ಎಂದು ಕರೆದರು.

ಮೇಸ್ತ್ರಿಯಮ್ಮ ಕೈ ಒರೆಸಿಕೊಳ್ಳುತ್ತಾ ಬಂದು ನಿಂತರು. ಮೇಸ್ತ್ರಿಗಳು ಹಾಡು ಒತ್ತಿದರು.

ಮೊದಲು ಏನೋ ದೂರದಲ್ಲಿ ಉರುಳಿದ ಹಾಗಾಯಿತು. ಆಮೇಲೆ ಒಂದು ನರಳಾಟ ಎದ್ದಿತು. ಅದು ಹೆಣ್ಣಿನ ದನಿಯೆಂದು ಹೇಳುವುದಕ್ಕೂ ಧೈರ್ಯ ಬೇಕಿತ್ತು. ಒಂದೊಂದು ಮಾತೂ ಬಾಗಿಕೊಂಡು, ಗೋಡೆಗೆ ಬಡಿದು, ತಿರುಗಿ ಬಂದು ತನ್ನ ಹಿಂದಿನ ಮಾತನ್ನೇ ತುಳಿಯುತ್ತಿತ್ತು. ಹೊಟ್ಟೆನೋವು ಬಂದ ಎಮ್ಮೆಯೊಂದು ಸುರಂಗದ ಆ ಕಡೆ ನಿಂತು ಯಾರನ್ನೋ ಕರೆಯುತ್ತಿದ್ದ ಹಾಗಿತ್ತು. ಮೂರು ನಿಮಿಷ ಅದು ಕರೆಯಿತು.

ಮುಗಿದ ಮೇಲೆ ಗಂಡ ಹೆಂಡಿರಿಬ್ಬರೂ ಪರದೆಯನ್ನೇ ನೋಡಿದರು.

"ಹೇಗಿದೆ?" ಎಂದರು ಮೇಸ್ತ್ರಿಗಳು, ಮೆಲ್ಲಗೆ.

ಮೇಸ್ತ್ರಿಯಮ್ಮ ಸೆರಗು ಸರಿಮಾಡಿಕೊಂಡರು. "ಚೆನ್ನಾಗಿದೆ ಬಿಡಿ. ನಿಮಗೆ ಹೇಗೆ ಕೇಳ್ಸ್ತು?"

ಮೇಸ್ತ್ರಿಗಳು ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಇವಳಿಗೆ ಚೆನ್ನಾಗಿ ಕೇಳಿಸಿದೆ. ಹಾಗಾದರೆ ಚೆನ್ನಾಗಿ ಕೇಳಿಸದೇ ಇದ್ದದ್ದು ಯಾರಿಗೆ? ಅವರು ಮುಖದ ಮೇಲೆ ಒಂದು ನಗು ತಂದುಕೊಂಡು, "ಅದ್ಭುತ," ಎಂದರು. ಮೇಸ್ತ್ರಿಯಮ್ಮ ಅವರ ಮುಖವನ್ನು ಒಂದು ಗಳಿಗೆ ನೋಡಿ, ಒಳಗೆ ಹೋದರು. ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ಸದ್ದು ಬಹಳ ಹೊತ್ತು ಬಂತು. ಆ ಸದ್ದು ಮಾತ್ರ ಮೇಸ್ತ್ರಿಗಳಿಗೆ ತಟ್ಟೆ ಬೇರೆ ಲೋಟ ಬೇರೆ ಎಂಬಷ್ಟು ಸ್ಪಷ್ಟವಾಗಿ ಕೇಳಿಸಿತು.

ಮೇಸ್ತ್ರಿಗಳು ಸುಮ್ಮನೆ ಸೋಲೊಪ್ಪಲಿಲ್ಲ. ಇಲಾಖೆಯಲ್ಲಿ ಒಂದು ಕ್ರಮವಿದೆ: ಮೊದಲು ಮೂಲ, ಆಮೇಲೆ ಲೈನು, ಆಮೇಲೆ ನಲ್ಲಿ. ಸಿಪಿಯು ಮೂಲವೆಂದು ಹಿಡಿದು, ಅದರ ಬೆನ್ನಿಗೆ ಸ್ಟೀಲಿನ ಲೋಟ ಕವುಚಿ ಆಲಿಸಿದರು. ಫ್ಯಾನು ಸರಿಯಾಗಿ ತಿರುಗುತ್ತಿತ್ತು. ಸ್ಪೀಕರಿನ ವಯರನ್ನು ಮೊಳಮೊಳ ಅಳೆದು ಎಲ್ಲಾದರೂ ಹಿಂಡಿಕೊಂಡಿದೆಯೇ ಎಂದು ನೋಡಿದರು. ಸ್ಪೀಕರು ಕೂತಿದ್ದದ್ದು ಕೋಣೆಯ ಮೂಲೆಯಲ್ಲಿ ನೀರಿನ ಪೈಪಿನ ಬುಡ ಮುಚ್ಚಿದ್ದ ಮರದ ಪೆಟ್ಟಿಗೆಯ ಮೇಲೆ, ಬೆನ್ನನ್ನು ಪೈಪಿಗೇ ಆನಿಸಿಕೊಂಡು. ಅದನ್ನೆತ್ತಿ, ಬ್ರಷ್ಷಿನಿಂದ ಧೂಳು ತೆಗೆದು, ಮತ್ತೆ ಅಲ್ಲೇ ಇಟ್ಟರು. ಹಾಡು ಒತ್ತಿದರು. ಎಮ್ಮೆ ಇನ್ನೂ ಸುರಂಗದಲ್ಲೇ ಇತ್ತು.

ಇನ್ನು ಉಳಿದದ್ದು ಮೂರನೆಯವರ ಸಾಕ್ಷಿ. ಬುಧವಾರ ಅವರು ಕೆಳಗಿನ ಅಂಗಡಿಯಿಂದ ದರ್ಜಿಯನ್ನು ಕರೆತಂದರು. ದರ್ಜಿ ಒಳ್ಳೆಯ ಮನುಷ್ಯ, ಯಾರ ಮನಸ್ಸನ್ನೂ ನೋಯಿಸಿದವನಲ್ಲ. ಹೊಟ್ಟೆ ಎಷ್ಟು ಮುಂದೆ ಬಂದಿದ್ದರೂ ಅಳತೆ ಹೇಳುವಾಗ ಎರಡು ಅಂಗುಲ ಕಡಿಮೆಯೇ ಹೇಳುತ್ತಿದ್ದ. ತುಟಿಗಳ ನಡುವೆ ಸದಾ ನಾಲ್ಕು ಗುಂಡುಸೂಜಿ. ಅವನು ಕುರ್ಚಿಯ ಮೇಲೆ ಕೂತ. ಮೇಸ್ತ್ರಿಯಮ್ಮ ಟೀ ತಂದಿಟ್ಟು ಬಾಗಿಲ ಹತ್ತಿರವೇ ನಿಂತರು.

ಹಾಡು ಶುರುವಾಯಿತು. ದರ್ಜಿಯ ಕಣ್ಣು ಅಗಲವಾಯಿತು. ಒಂದು ಸೂಜಿ ತುಟಿಯಿಂದ ಒಳಕ್ಕೆ ಜಾರಿ, ನಾಲಿಗೆಯ ಬುಡದವರೆಗೂ ಹೋಗಿ, ಕೆಮ್ಮಿನ ಜೊತೆ ಹೊರಗೆ ಬಂತು. ಉಳಿದ ಮೂರನ್ನೂ ಅವನು ಅಂಗೈಗೆ ಉಗುಳಿಕೊಂಡ.

"ಇದು ಯಾರ... ಮೇಸ್ತ್ರಿಯಮ್ಮನೋರ ದನಿನಾ?"

"ಹೂಂ. ಹದಿನೇಳು ವರ್ಷದ ಹಿಂದಿಂದು. ಹೇಗಿದೆ, ಸರಿಯಾಗಿ ಹೇಳು."

ದರ್ಜಿ ಬಾಗಿಲ ಕಡೆ ನೋಡಿದ. ಮೇಸ್ತ್ರಿಯಮ್ಮ ಅವನನ್ನೇ ನೋಡುತ್ತಿದ್ದರು. ಅವನ ಕೈಯಲ್ಲಿ ಅವರದೇ ಟೀ ಲೋಟ ಇತ್ತು.

"ಆಹಾ," ಎಂದ ದರ್ಜಿ. "ಗಟ್ಟಿ ದನಿ. ಈಗಿನ ಕಾಲದಲ್ಲಿ ಎಲ್ಲಿ ಸಿಗುತ್ತೆ ಇಷ್ಟು ಗಟ್ಟಿ ದನಿ."

"ಏನೂ ತೊಂದರೆ ಅನ್ಸಲ್ವಾ?"

"ನನಗ್ಯಾಕಣ್ಣಾ ತೊಂದರೆ? ಕೇಳೋಕೆ ಪುಣ್ಯ ಮಾಡಿರ್ಬೇಕು."

"ಇನ್ನೊಂದ್ಸಲ ಹಾಕ್ತೀನಿ, ಇರು."

"ಬೇಡಣ್ಣಾ, ಒಂದು ತೋಳು ಅರ್ಧಕ್ಕೇ ಬಿಟ್ಟು ಬಂದಿದ್ದೀನಿ, ಗಿರಾಕಿ ಒಳಗೇ ನಿಂತಿದ್ದಾರೆ," ಎಂದು ದರ್ಜಿ ಬಿಸಿ ಟೀಯನ್ನು ಒಂದೇ ಗುಟುಕಿಗೆ ಕುಡಿದು ಇಳಿದೇ ಹೋದ.

ಮೇಸ್ತ್ರಿಗಳು ಕುರ್ಚಿಯಲ್ಲಿ ಕುಸಿದರು. ಈಗ ಅವರಿಗೆ ಎಲ್ಲವೂ ತಿಳಿಯಿತು. ಅವರು ಕೇಳಿದ್ದು ಯಾವ ಸದ್ದೆಂದು ಅವರಿಗೆ ಗೊತ್ತಿತ್ತು. ಪೈಪಿನ ಒಳಗೆ ಸಿಕ್ಕಿಕೊಂಡ ದನಿ ಅದು. ಆ ವಿಷಯದಲ್ಲಿ ಅವರು ತಪ್ಪುವ ಹಾಗೇ ಇರಲಿಲ್ಲ. ಮೂವತ್ತನಾಲ್ಕು ವರ್ಷ ಪೈಪಿಗೆ ಕಿವಿ ಕೊಟ್ಟಿದ್ದಕ್ಕೆ ಈಗ ಪೈಪು ಬಂದು ಕಿವಿಯೊಳಗೇ ಕೂತಿದೆ. ಮಾತು ಸರಿಯಾಗಿ ಕೇಳುತ್ತದೆ, ಪಾತ್ರೆ ಸರಿಯಾಗಿ ಕೇಳುತ್ತದೆ, ಹಾಡು ಮಾತ್ರ ಹೀಗೆ. ಈ ರೋಗ ಹಾಡಿನಿಂದ ಶುರುವಾಗಿ ಆಮೇಲೆ ಮಾತಿಗೆ ಹಬ್ಬುತ್ತದೆ ಎಂದು ಯಾವ ವೈದ್ಯರನ್ನೂ ಕೇಳದೆ ತಾವೇ ತೀರ್ಮಾನ ಮಾಡಿದರು.

ಹಾಗಿದ್ದ ಮೇಲೆ ಸೋಮವಾರ ಹನ್ನೆರಡು ಮಂದಿಯ ಮುಂದೆ ಯಾವ ಮುಖ ಹೊತ್ತು ನಿಲ್ಲುವುದು? ಸೋರದ ಕಡೆ ಗೀಟು ಎಳೆದು, ಅಲ್ಲಿ ಅಗೆಸಿ, ಒಣ ಮಣ್ಣು ಬಂದರೆ? ಗುರುವಾರ ಅವರು ಒಂದು ಕಾಗದ ಬರೆದರು. ಅನಾರೋಗ್ಯದ ನಿಮಿತ್ತ ಬರಲಾಗುವುದಿಲ್ಲವೆಂದು ಮೂರು ಸಾಲು. ಅದನ್ನು ಮಡಿಸಿ ಅಂಗಿಯ ಜೇಬಿಗೆ ಹಾಕಿಕೊಂಡರು. ಅಂಚೆಪೆಟ್ಟಿಗೆಯ ಮುಂದೆ ಎರಡು ಸಲ ಹಾದುಹೋದರು. ಎರಡು ಸಲವೂ ಪೆಟ್ಟಿಗೆಯ ಬಾಯಿ ಅವರ ಕಣ್ಣಿಗೆ ಬೀಳಲಿಲ್ಲ.

ಮನೆಯಲ್ಲೂ ಮಾತು ಕಡಿಮೆಯಾಯಿತು. ಸಂಜೆ ಐದಾದರೆ ಸಾಕು, ಮೇಸ್ತ್ರಿಗಳು ಬೀದಿಯ ಕೊನೆಯ ಕಲ್ಲುಬೆಂಚಿಗೆ ಹೋಗಿ, ಹೋಗಿ ಬರುವ ಸೈಕಲ್ಲುಗಳನ್ನು ಕಣ್ಣು ಮುಚ್ಚಿ ಕೇಳುತ್ತಾ ಕೂರುತ್ತಿದ್ದರು. ಮೊದಲೆಲ್ಲ ಅವರು ಹೊರಟರೆ, "ಬೇಗ ಬನ್ನಿ" ಅನ್ನುತ್ತಿದ್ದ ಮೇಸ್ತ್ರಿಯಮ್ಮ ಈಗ, "ಇನ್ನೂ ಹೊರಡ್ಲಿಲ್ವಾ?" ಅನ್ನತೊಡಗಿದ್ದರು. ಕಿವಿ ಹೋದ ಗಂಡನ ಮುಖ ನೋಡಲು ಇವಳಿಗೂ ಕಷ್ಟವಾಗುತ್ತಿದೆ ಎಂದುಕೊಂಡರು ಮೇಸ್ತ್ರಿಗಳು.

ಶುಕ್ರವಾರ ಬೆಳಿಗ್ಗೆ ಮೆಟ್ಟಿಲಲ್ಲಿ ಹೆಡ್ ಮೇಡಂ ಎದುರಾದರು. ಮೊದಲ ಮಹಡಿಯವರು, ಕಟ್ಟಡದ ಒಡತಿ. ಶಾಲೆಯಿಂದ ನಿವೃತ್ತರಾಗಿದ್ದರೂ ಶಾಲೆ ಅವರಿಂದ ನಿವೃತ್ತವಾಗಿರಲಿಲ್ಲ.

"ಮೇಸ್ತ್ರಿಗಳೇ, ನಮ್ಮ ಬಚ್ಚಲ ಗೋಡೆ ಒಳಗೆ ಪೈಪು ನರಳ್ತಾ ಇದೆ. ಎರಡು ದಿನ ಆಯ್ತು. ನಿಮಗೆ ಕೇಳಿಸ್ಲಿಲ್ವಾ?"

ಮೇಸ್ತ್ರಿಗಳಿಗೆ ಕೇಳಿಸಿರಲಿಲ್ಲ. ಇದ್ದ ಮನೆಯ ಪೈಪು ಎರಡು ದಿನ ನರಳಿದೆ, ಕಿವಿ ಮೇಸ್ತ್ರಿಗೆ ಕೇಳಿಸಿಲ್ಲ.

"ನೋಡೋಣ ಮೇಡಂ," ಎಂದಷ್ಟೇ ಹೇಳಿ ಗೋಡೆ ಹಿಡಿದುಕೊಂಡು ಇಳಿದರು.

ನೋಡೋಣ ಎನ್ನುವ ಉತ್ತರವನ್ನು ಹೆಡ್ ಮೇಡಂ ಯಾವ ಮಕ್ಕಳಿಂದಲೂ ಒಪ್ಪಿದವರಲ್ಲ. ಅವತ್ತೇ ಇಲಾಖೆಗೆ ಎರಡು ಪುಟ ಬರೆದು ಕಳಿಸಿದರು.

ಶನಿವಾರ ಸಂಜೆ ಐದೂಕಾಲಿಗೆ ಇಲಾಖೆಯ ಜೀಪು ಬಂತು. ಅದರಿಂದ ಎಂಜಿನಿಯರಮ್ಮ ಇಳಿದರು, ಗುದ್ದಲಿ ಹಿಡಿದ ಇಬ್ಬರು ಇಳಿದರು, ಗಾಲಿಯ ಮೇಲೆ ಒಂದು ಯಂತ್ರವೂ ಇಳಿಯಿತು. ಸೋರಿಕೆ ಹುಡುಕುವ ಹೊಸ ಯಂತ್ರ. ಎಂಜಿನಿಯರಮ್ಮ ಅದರ ಹೆಡ್‌ಫೋನ್ ಹಾಕಿಕೊಂಡು ಬೀದಿಯುದ್ದಕ್ಕೂ ಎರಡು ಸಲ ತಳ್ಳಿದರು. ಯಂತ್ರದ ಮುಳ್ಳು ದರ್ಜಿಯ ಹೊಲಿಗೆ ಮಿಷನ್ನಿನ ಮುಂದೆ ಕುಣಿಯಿತು, ಆಮೇಲೆ ಇಲಾಖೆಯ ಜೀಪಿನ ಮುಂದೆ ಕುಣಿಯಿತು. ಮಿಕ್ಕ ಕಡೆ ಮಲಗಿತ್ತು. ಅಷ್ಟರಲ್ಲಿ ಬೀದಿಯ ಅರ್ಧ ಜನ ಸೇರಿದ್ದರು. ಯಾರೋ ಹೋಗಿ ಬೆಂಚಿನ ಮೇಲಿದ್ದ ಮೇಸ್ತ್ರಿಗಳನ್ನು ಕರೆದುಕೊಂಡು ಬಂದರು.

"ಸಾರ್, ಸದ್ಯ ನೀವು ಸಿಕ್ಕಿದ್ರಿ," ಎಂದರು ಎಂಜಿನಿಯರಮ್ಮ. "ಮೂರು ಕಡೆ ಅಗೆಯೋಕೆ ಆರ್ಡರ್ ಇದೆ. ನೀವು ಒಂದು ಸಲ ಕೇಳಿ ಹೇಳಿದ್ರೆ ಒಂದೇ ಕಡೆ ಅಗೆದು ಮುಗಿಸ್ತೀವಿ. ನೋಡಿ, ಉಗ್ರಾಣದಲ್ಲಿ ಹುಡುಕ್ಸಿ ತಂದಿದ್ದೀನಿ."

ಜೀಪಿನ ಹಿಂದಿನಿಂದ ಅವರು ತೆಗೆದದ್ದು ಮೇಸ್ತ್ರಿಗಳ ಹಳೆಯ ಕೋಲು. ಆರು ವರ್ಷದ ತುಕ್ಕು ಹಿಡಿದಿತ್ತು. ಆದರೆ ಮರದ ಬಟ್ಟಲು ಹಾಗೇ ಇತ್ತು. ಒಂದು ಕಡೆ ಸವೆದು, ಇನ್ನು ಯಾರ ಕಿವಿಗೂ ಹೊಂದದ ಹಾಗೆ, ಅವರ ಎಡಗಿವಿಯ ಆಕಾರಕ್ಕೆ ಬಂದಿತ್ತು. ಮೇಸ್ತ್ರಿಗಳು ಅದನ್ನು ಕೈಗೆ ತೆಗೆದುಕೊಂಡರು. ಇನ್ನೊಂದು ಕೈ ಜೇಬಿನಲ್ಲಿದ್ದ ಕಾಗದಕ್ಕೆ ಹೋಯಿತು. ಈಗಲೇ ಕೊಟ್ಟುಬಿಡುವುದು ಒಳ್ಳೆಯದು.

"ಜೇಬಲ್ಲೇನು ಹುಡುಕ್ತಿದ್ದೀರಿ ಮೇಸ್ತ್ರಿಗಳೇ," ಎಂದರು ಹೆಡ್ ಮೇಡಂ. "ಕಿವಿ ತಲೆಯ ಪಕ್ಕದಲ್ಲಿದೆ." ಆಮೇಲೆ ಎಂಜಿನಿಯರಮ್ಮನ ಕಡೆ ತಿರುಗಿ ತಮ್ಮ ನೋಟ್ ಪುಸ್ತಕ ಬಿಚ್ಚಿದರು. "ಬುಧವಾರ ಐದು ಗಂಟೆ ಹನ್ನೆರಡು ನಿಮಿಷಕ್ಕೆ ಆರಂಭ, ಐದು ಐವತ್ತಕ್ಕೆ ಮುಕ್ತಾಯ. ಗುರುವಾರ ಐದು ಎಂಟು. ಶುಕ್ರವಾರ ಐದು ಹದಿನೈದು. ಮೂರು ಮೂರು ನಿಮಿಷದ ನರಳಾಟ, ಮಧ್ಯೆ ವಿರಾಮ. ಈಗಲೂ ಶುರುವಾಗಿದೆ, ನಾನು ಕೇಳ್ಕೊಂಡೇ ಇಳಿದು ಬಂದೆ."

ಮೂರು ನಿಮಿಷ ಅಂದದ್ದೇ ದರ್ಜಿ ಅಂಗಡಿಯೊಳಗಿಂದ ತಲೆ ಹೊರಗೆ ಹಾಕಿ, ಎರಡನೇ ಮಹಡಿಯ ಕಿಟಕಿಯನ್ನು ನೋಡಿ, ತಲೆ ಒಳಗೆ ಎಳೆದುಕೊಂಡ. ಅವನಿಗೆ ಏನೋ ಹೊಳೆದಿತ್ತು. ಆದರೆ ಒಬ್ಬ ಗೃಹಿಣಿಯ ಹಾಡಿಗೆ ಇಲಾಖೆ ಗುದ್ದಲಿ ಹಿಡಿದು ಬಂದಿದೆ ಎಂದು ಆ ಗೃಹಿಣಿಯ ಗಂಡನಿಗೆ ಯಾವ ಬಾಯಲ್ಲಿ ಹೇಳುವುದು? ಅವನ ಬಾಯಲ್ಲಿ ಸೂಜಿಗಳಿದ್ದವು. ಅವನ್ನು ತೆಗೆಯದೇ ಇರುವುದೇ ಮರ್ಯಾದೆ ಎಂದು ಅವನಿಗನಿಸಿತು.

ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. ಮೇಸ್ತ್ರಿಗಳು ಅಂಗಡಿಯ ಮುಂದಿನ ವಾಲ್ವಿನ ಮೇಲೆ ಕೋಲು ಊರಿದರು. ಬಟ್ಟಲಿಗೆ ಕಿವಿ ಇಟ್ಟರು. ಕಣ್ಣು ಮುಚ್ಚಿದರು. ಬೀದಿ ಉಸಿರು ಬಿಗಿಹಿಡಿಯಿತು.

ಮೊದಲು ನೀರು ಕೇಳಿಸಿತು. ತುಂಬಿದ ಪೈಪಿನಲ್ಲಿ ನೀರು ಹರಿಯುವ ಸದ್ದು, ರೇಷ್ಮೆ ಬಟ್ಟೆ ಎಳೆದ ಹಾಗೆ. ಎಲ್ಲೋ ಯಾರೋ ಬಕೆಟ್ಟು ತುಂಬಿಸಿದರು, ಯಾರೋ ನಲ್ಲಿ ನಿಲ್ಲಿಸಿದರು. ಆರು ವರ್ಷದಿಂದ ಭೇಟಿಯಾಗದ ನೆಂಟರೆಲ್ಲ ಒಟ್ಟಿಗೆ ಬಂದು ಯೋಗಕ್ಷೇಮ ವಿಚಾರಿಸಿದ ಹಾಗಾಯಿತು. ಮೇಸ್ತ್ರಿಗಳ ಮುಖ ಸಡಿಲವಾಯಿತು. ಅಷ್ಟರಲ್ಲಿ, ಆ ನೀರಿನ ಹಿಂದೆ, ಅದು ಬಂತು. ಎಮ್ಮೆ. ಸುರಂಗ. ಒಂದನೇ ಕೊಡ.

ಮುಗಿಯಿತು, ಎಂದುಕೊಂಡರು. ಇಲ್ಲೂ ಅದೇ. ಇನ್ನು ಏನು ಕೇಳಿದರೂ ಅದೇ.

"ಕೇಳ್ಸ್ತಾ ಸಾರ್?" ಎಂದರು ಎಂಜಿನಿಯರಮ್ಮ ಪಿಸುಗುಟ್ಟುತ್ತಾ.

ಮೇಸ್ತ್ರಿಗಳು ಕೋಲು ಎತ್ತಿದರು. ಮೂವತ್ತನಾಲ್ಕು ವರ್ಷದ ಅಭ್ಯಾಸ, ಕಾಲು ತಾನಾಗಿ ಎಡಕ್ಕೆ ಹನ್ನೆರಡು ಹೆಜ್ಜೆ ನಡೆಯಿತು. ಅಲ್ಲಿಯ ವಾಲ್ವಿಗೆ ಕೋಲಿಟ್ಟರು. ನರಳಾಟ ಕಡಿಮೆಯಾಯಿತು. ತಿರುಗಿ ಬಂದು ಬಲಕ್ಕೆ ನಡೆದು ಕಟ್ಟಡದ ಮೀಟರಿಗೆ ಕೋಲಿಟ್ಟರು. ಜಾಸ್ತಿಯಾಯಿತು.

ಮೇಸ್ತ್ರಿಗಳು ಕಣ್ಣು ತೆರೆದರು. ಕಿವಿಯೊಳಗಿನ ರೋಗ ಎಡಕ್ಕೆ ಹೋದರೆ ಕಡಿಮೆ, ಬಲಕ್ಕೆ ಬಂದರೆ ಜಾಸ್ತಿ ಆಗುವುದಿಲ್ಲ. ಹಾಗೆ ಆಗುವುದು ಹೊರಗಿರುವ ಸದ್ದು. ಹೊರಗಿರುವ ಸದ್ದನ್ನು ಹುಡುಕಬಹುದು.

"ಅಗೀಬೇಡಿ," ಎಂದರು. ಆ ದನಿಯಲ್ಲಿ ಏನೋ ಇತ್ತು. ಗುದ್ದಲಿಯವರಿಬ್ಬರೂ ಗುದ್ದಲಿ ಕೆಳಗಿಟ್ಟರು. "ನನ್ನ ಹಿಂದೆ ಬನ್ನಿ."

ಮೀಟರಿನಿಂದ ಗೋಡೆಯ ಪೈಪು. ಗೋಡೆಯ ಪೈಪಿನಿಂದ ಮೆಟ್ಟಿಲು. ಮೊದಲ ಮಹಡಿಯಲ್ಲಿ ಕೋಲಿಟ್ಟು ಕೇಳಿ, ತಲೆಯಾಡಿಸಿ, ಮೇಲಕ್ಕೆ ಬೆರಳು ತೋರಿಸಿದರು. ಹಿಂದೆ ಎಂಜಿನಿಯರಮ್ಮ, ಅವರ ಹಿಂದೆ ನೋಟ್ ಪುಸ್ತಕದ ಹೆಡ್ ಮೇಡಂ, ಅವರ ಹಿಂದೆ ತಡೆಯಲಾರದೆ ಬಂದ ದರ್ಜಿ. ಎರಡನೇ ಮಹಡಿ ತಲುಪುವ ಹೊತ್ತಿಗೆ ಕೋಲು ಬೇಕಾಗಿರಲಿಲ್ಲ. ಎಲ್ಲರಿಗೂ ಬರಿಯ ಕಿವಿಗೇ ಕೇಳಿಸುತ್ತಿತ್ತು. ಆದರೂ ಮೇಸ್ತ್ರಿಗಳು ಕ್ರಮ ಬಿಡಲಿಲ್ಲ. ತಮ್ಮ ಮನೆಯ ಬಾಗಿಲಿಗೆ ಕೋಲಿನ ಮೊನೆಯಿಟ್ಟು, ಕಿವಿ ಕೊಟ್ಟು, ಕಣ್ಣು ಮುಚ್ಚಿ, ತೆರೆದು, "ಇಲ್ಲಿ," ಎಂದರು. ಆಮೇಲೆ ಬಾಗಿಲು ತಳ್ಳಿದರು.

ಕಂಪ್ಯೂಟರಿನ ಮುಂದೆ ಮೇಸ್ತ್ರಿಯಮ್ಮ ಕೂತಿದ್ದರು. ಒಂದು ಕೈಯಲ್ಲಿ ಮೌಸು, ಒಂದು ಕೈಯಲ್ಲಿ ಸೆರಗಿನ ತುದಿ. ಕಣ್ಣು ಕೆಂಪಗಿತ್ತು. ಮೂಲೆಯ ಪೆಟ್ಟಿಗೆಯ ಮೇಲೆ ಸ್ಪೀಕರು ಪೈಪಿಗೆ ಬೆನ್ನು ಕೊಟ್ಟು ಎರಡನೇ ಕೊಡವನ್ನು ನರಳುತ್ತಿತ್ತು.

"ಏನೇ ಇದು? ದಿನಾ ನೀನೇನಾ ಹಾಕ್ತಿದ್ದದ್ದು?"

ಮೇಸ್ತ್ರಿಯಮ್ಮ ಬಾಗಿಲಲ್ಲಿ ನಿಂತ ಜನರನ್ನು ನೋಡಿದರು, ಗಂಡನ ಕೈಯ ಕೋಲನ್ನು ನೋಡಿದರು. ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ ಎನಿಸಿರಬೇಕು.

"ಒಂದು ಸಲನಾದ್ರೂ ಚೆನ್ನಾಗಿ ಕೇಳ್ಸುತ್ತೇನೋ ಅಂತ ನೋಡ್ತಿದ್ದೆ. ಅಷ್ಟು ವರ್ಷ ನಾನು ಹೀಗೇ ಹಾಡ್ತಿದ್ದೆ ಅಂತ ನಂಗೇನು ಗೊತ್ತು? ದಿನಾ ಬೆಳಗಾಗೋ ಮೊದಲು ಎದ್ದು, ಮಗು ಮಲಗಿರೋ ಮನೇಲಿ, ಈ ದನೀಲಿ. ಒಬ್ಬರಾದ್ರೂ ಹೇಳ್ಬಾರ್ದಿತ್ತಾ?"

"ನಿನ್ನ ದನಿಗೇನಾಗಿದೆ? ನನ್ನ ಕಿವಿ..." ಮೇಸ್ತ್ರಿಗಳು ತಡವರಿಸಿದರು. "ನೀನೇ ಅಲ್ವೇನೇ ಚೆನ್ನಾಗಿದೆ ಅಂದಿದ್ದು?"

"ನನ್ನ ಹಾಡನ್ನ ನಾನೇ ಹೇಗ್ರೀ ಹಳೀಲಿ? ನೀವೇನಂತೀರಿ ಅಂತ ಕಾದೆ. ನೀವು ಅದ್ಭುತ ಅಂದ್ರಿ. ಊರಲ್ಲೇ ದೊಡ್ಡ ಕಿವಿ, ಆ ಮುಖ ಇಟ್ಕೊಂಡು ಅದ್ಭುತ ಅಂದ್ರಿ. ಆಗಲೇ ಗೊತ್ತಾಯ್ತು ನಂಗೆ, ಕರುಣೆಗೆ ಹೇಳ್ತಿದ್ದೀರಿ ಅಂತ. ಆಮೇಲೆ ದರ್ಜಿ ಅಣ್ಣ ಬಂದು ಗಟ್ಟಿ ದನಿ ಅಂದ್ರು."

ಎಲ್ಲರೂ ದರ್ಜಿಯ ಕಡೆ ತಿರುಗಿದರು. ದರ್ಜಿ ಒಂದೊಂದಾಗಿ ನಾಲ್ಕೂ ಸೂಜಿಗಳನ್ನು ಬಾಯಿಂದ ತೆಗೆದು ಅಂಗಿಗೆ ಚುಚ್ಚಿಕೊಂಡ.

"ಅಕ್ಕಾ, ಟೀ ಕುಡೀತಾ ಇದ್ದೆ. ನಾನಿನ್ನೇನು ಹೇಳ್ಲಿ," ಎಂದ.

ಎಂಜಿನಿಯರಮ್ಮ ಈ ಸಂಸಾರದ ಮಾತಿನ ನಡುವೆ ನುಸುಳಿಕೊಂಡು ಪರದೆಯ ಹತ್ತಿರ ಹೋಗಿ, ಮೌಸು ಹಿಡಿದು, ಮೂಲೆಯಲ್ಲಿದ್ದ ಸ್ಪೀಕರಿನ ಚಿತ್ರವನ್ನು ಒತ್ತಿದರು. ಚೌಕ ತೆರೆಯಿತು. ಅವರು ಬಗ್ಗಿ ಓದಿದರು. ಮತ್ತೊಮ್ಮೆ ಓದಿದರು.

"ಸಾರ್, ಇಲ್ಲಿ ಚರಂಡಿ ಪೈಪು ಅಂತ ಆರಿಸಿದೆ. ಇದನ್ನ ಯಾರು ಹಾಕಿದ್ದು?"

"ಅದು ಕೇಳ್ತು. ನಾನು ಹೇಳ್ದೆ."

"ಏನು ಕೇಳ್ತು ಸಾರ್?"

"ಯಾವ ವಾತಾವರಣ ಅಂತ. ಮೂವತ್ನಾಲ್ಕು ವರ್ಷ ನಾನು ಯಾವ ವಾತಾವರಣದಲ್ಲಿದ್ದೆ? ಸುಳ್ಳು ಹೇಳ್ಬೇಕಾಗಿತ್ತಾ?"

"ಚರಂಡಿ ಪೈಪಲ್ಲಿ ಇರಲಿಲ್ಲವಲ್ಲ ನೀವು," ಎಂದರು ಹೆಡ್ ಮೇಡಂ, ತಪ್ಪನ್ನು ತಪ್ಪೆಂದೇ ಗುರುತಿಸುವವರು.

"ಕುಡಿಯೋ ನೀರಿಂದು ಪಟ್ಟಿಯಲ್ಲಿ ಇರ್ಲಿಲ್ಲ ಮೇಡಂ."

ಎಂಜಿನಿಯರಮ್ಮ ತುಟಿ ಕಚ್ಚಿಕೊಂಡು ನಗು ನುಂಗಿ, ಎಲ್ಲಕ್ಕಿಂತ ಮೇಲಿದ್ದ ಏನೂ ಬೇಡ ಎಂಬುದನ್ನು ಒತ್ತಿದರು. ಆಮೇಲೆ ಹಾಡನ್ನು ಮೊದಲಿಂದ ಹಾಕಿದರು.

ನಲ್ಲಿಯ ಸದ್ದು ಬಂತು. ಖಾಲಿ ಕೊಡದ ತಳಕ್ಕೆ ನೀರು ಬೀಳುವ ಸದ್ದು, ಕೊಡ ತುಂಬುತ್ತಾ ಬಂದಂತೆ ಮೆತ್ತಗಾಗುವ ಸದ್ದು. ಅದರ ಮೇಲೆ ಒಂದು ಹೆಣ್ಣುದನಿ, ನಿದ್ದೆ ಇನ್ನೂ ಅಂಟಿಕೊಂಡಿದ್ದ, ತನಗಾಗಿ ಮಾತ್ರ ಹಾಡಿಕೊಳ್ಳುವ ದನಿ. ಒಂದನೇ ಕೊಡ ಮುಖ ತೊಳೆಯೋಕೆ. ಒಳಗಿನ ಕೋಣೆಯಿಂದ ಮಗಳು ಕೂಗಿದಳು, "ಅಮ್ಮಾ, ನನ್ನ ಇನ್ನೊಂದು ಕಾಲ್ಚೀಲ ಎಲ್ಲಿ?" ಹಾಡು ನಿಲ್ಲದೆ ಅದೇ ಧಾಟಿಯಲ್ಲಿ ಉತ್ತರ ಕೊಟ್ಟಿತು, ಮಂಚದ ಕೆಳಗೆ ನೋಡಮ್ಮಾ ಎಂದು. ಎರಡನೇ ಕೊಡ ಎಸರಿಗಿಡೋಕೆ. ಕೆಳಗಿನ ಬೀದಿಯಲ್ಲಿ ಇನ್ಯಾರದೋ ಮನೆಯ ಬಿಂದಿಗೆ ಕಲ್ಲಿಗೆ ತಾಗಿತು. ಒಬ್ಬಳು ಇನ್ನೊಬ್ಬಳನ್ನು, ನೀರು ಬಂತೇನೇ ಎಂದು ಕೇಳಿದಳು.

ದರ್ಜಿ ಬಾಯಿ ತೆರೆದುಕೊಂಡೇ ನಿಂತಿದ್ದ. ಹೆಡ್ ಮೇಡಂ ನೋಟ್ ಪುಸ್ತಕವನ್ನು ಎದೆಗೆ ಒತ್ತಿಕೊಂಡು, "ಬಿಂದಿಗೆ ತಾಗಿಸಿದ್ದು ನಾನೇ ಇರಬೇಕು," ಎಂದರು ಸಣ್ಣಗೆ. "ಆಗ ನಮ್ಮ ಮನೆ ನಲ್ಲಿ ಕೆಟ್ಟಿತ್ತು, ಕೆಳಗಿಂದ ನೀರು ಹೊರ್ತಿದ್ವಿ."

ಹಾಡು ಮುಗಿದ ಮೇಲೆ ಎಂಜಿನಿಯರಮ್ಮ ಕಣ್ಣೊರೆಸಿಕೊಂಡು ತಮ್ಮ ಕೆಲಸಕ್ಕೆ ಬಂದರು. ದೂರು ಬಂದ ಮೇಲೆ ಅದನ್ನು ಮುಚ್ಚಬೇಕು, ಮುಚ್ಚಲು ವರದಿ ಬೇಕು. ಅಲ್ಲೇ ಕುರ್ಚಿಯ ಮೇಲೆ ಕೂತು ಬರೆದು ಗಟ್ಟಿಯಾಗಿ ಓದಿದರು: "ಸದ್ದಿನ ಮೂಲ: ಎರಡನೇ ಮಹಡಿ, ಮುಂಗೋಣೆ. ಕಾರಣ: ಅನಗತ್ಯವಾದ ಒಂದು ಪೈಪು. ದುರಸ್ತಿ: ಸದರಿ ಪೈಪನ್ನು ತೆಗೆಯಲಾಗಿದೆ. ಅಗೆತ: ಇಲ್ಲ. ಪತ್ತೆ ಮಾಡಿದವರು..." ಅಲ್ಲಿ ನಿಂತು, "ಸಾರ್, ಸೋಮವಾರ ಹತ್ತು ಗಂಟೆಗೆ ಜೀಪು ಕಳಿಸ್ತೀನಿ. ಬರ್ತೀರಲ್ಲ?" ಎಂದರು.

ಮೇಸ್ತ್ರಿಗಳು ಜೇಬಿನಿಂದ ಕಾಗದ ತೆಗೆದು ನಾಲ್ಕು ಚೂರು ಮಾಡಿದರು. "ಒಂಬತ್ತೂವರೆಗೇ ಕಳ್ಸಿ. ಕೋಲಿನ ತುಕ್ಕು ಉಜ್ಜಬೇಕು."

ಜನ ಇಳಿದು ಹೋದರು. ಜೀಪು ಹೊರಟ ಸದ್ದು, ಬೀದಿಯ ತಿರುವು ದಾಟುವವರೆಗೂ, ಮೇಸ್ತ್ರಿಗಳಿಗೆ ಕೇಳಿಸಿತು. ಮನೆಯಲ್ಲಿ ಇಬ್ಬರೇ ಉಳಿದರು. ಮೇಸ್ತ್ರಿಯಮ್ಮ ಇನ್ನೊಂದು ಸಲ ತಾವೇ ಹಾಡು ಹಾಕಿ, ಕೈ ಕಟ್ಟಿ ನಿಂತು ಪೂರ್ತಿ ಕೇಳಿದರು. ಆಮೇಲೆ ಗಂಡನ ಕಡೆ ತಿರುಗಿದರು.

"ಈಗ ನಿಜ ಹೇಳಿ. ಹೇಗಿದೆ?"

ಮೇಸ್ತ್ರಿಗಳು ಅದ್ಭುತ ಅನ್ನಲು ಬಾಯಿ ತೆರೆದರು. ತೆರೆದ ಬಾಯಿಯನ್ನು ಮುಚ್ಚಿದರು. ನಾಲ್ಕು ದಿನ ಆ ಒಂದು ಮಾತು ಮನೆಯಲ್ಲಿ ಮಾಡಿದ್ದನ್ನು ನೋಡಿದ್ದರು.

"ಚೆನ್ನಾಗಿದೆ. ಆದರೆ ಮೂರನೇ ಕೊಡದ ಹತ್ರ ದನಿ ಒಂದು ಗಳಿಗೆ ಕೆಳಗೆ ಬಿದ್ದುಹೋಗುತ್ತೆ."

ಮೇಸ್ತ್ರಿಯಮ್ಮನ ಮುಖದಲ್ಲಿ, ಮಂಗಳವಾರದಿಂದ ಕಾಣದಿದ್ದ ಬೆಳಕು ಬಂತು.

"ಹೂಂ. ಸರಿಯಾಗಿ ಹೇಳಿದ್ರಿ. ಆ ಕೊಡ ಎಲ್ಲಕ್ಕಿಂತ ದೊಡ್ಡದು. ನೆಲದಿಂದ ಕಟ್ಟೆ ಮೇಲಕ್ಕೆ ಒಬ್ಬಳೇ ಎತ್ತಿದೆ. ನೀವು ಎರಡು ಮಾರು ದೂರದಲ್ಲಿ ಮೈಕು ಹಿಡ್ಕೊಂಡು ನಿಂತಿದ್ರಿ."

ಮೇಸ್ತ್ರಿಗಳು ಕೋಣೆಯಲ್ಲಿ ಏನನ್ನೋ ಹುಡುಕತೊಡಗಿದರು. ಮೇಜಿನ ಕೆಳಗೆ ನೋಡಿದರು, ಬಾಗಿಲ ಹಿಂದೆ ನೋಡಿದರು.

"ಏನು ಹುಡುಕ್ತಿದ್ದೀರಿ?"

"ಸ್ಟೂಲು. ಅಟ್ಟದಿಂದ ಆ ಕೊಡ ಇಳಿಸ್ತೀನಿ. ಮೈಕು ಈ ಸಲ ನೀನು ಹಿಡ್ಕೋ."